ಅಟ್ಟೆಗೆ ಅಂಟಿದ ಮಣ್ಣು

ನಮ್ಮ ಊರಿನಲ್ಲಿ ಚಪ್ಪಲಿ ಹೊಲಿಯುವವನಿಗೆ ಕೆಲಸ ಕಡಿಮೆ. ಜನ ನೆಲದಿಂದ ಒಂದು ಬೆರಳಗಲ ಮೇಲೆ ನಡೆಯುವ ಕಡೆ ಚಪ್ಪಲಿ ಯಾರಿಗೆ ಬೇಕು? ಆದರೂ ನನ್ನಜ್ಜ, ನನ್ನಪ್ಪ, ಆಮೇಲೆ ನಾನು, ಮೂರು ತಲೆಯಿಂದ ಇದೇ ಕಸುಬಿನಲ್ಲಿ ಹೊಟ್ಟೆ ಹೊರೆದುಕೊಂಡು ಬಂದಿದ್ದೇವೆ. ಯಾಕೆಂದರೆ ಎಲ್ಲರೂ ಯಾವಾಗಲಾದರೊಮ್ಮೆ ಕೆಳಗೆ ಇಳಿಯುತ್ತಾರೆ. ಗಂಡನನ್ನು ಕಳೆದುಕೊಂಡ ಹೆಂಗಸು ಮೂರು ತಿಂಗಳು ನೆಲದ ಮೇಲೆ ನಡೆಯುತ್ತಾಳೆ. ಅಣ್ಣತಮ್ಮಂದಿರು ಮಾತು ಬಿಟ್ಟರೆ ಇಬ್ಬರೂ ಇಳಿಯುತ್ತಾರೆ. ಪರೀಕ್ಷೆಯಲ್ಲಿ ನಪಾಸಾದ ಮಕ್ಕಳು ಎರಡು ದಿನ ಇಳಿದಿದ್ದು, ಮೂರನೆಯ ದಿನ ಗೋಲಿ ಆಡುತ್ತಾ ತಮಗೇ ತಿಳಿಯದಂತೆ ಮೇಲೆದ್ದಿರುತ್ತಾರೆ. ಅಂಥವರು ಬಂದು ನನ್ನ ಅಂಗಡಿಯ ಹೊಸಿಲ ಬಳಿ ಕಾಲು ಚಾಚಿ ಕೂರುತ್ತಾರೆ. ನಾನು ಯಾಕೆ ಏನು ಎಂದು ಕೇಳುವುದಿಲ್ಲ, ಅಳತೆ ತೆಗೆದುಕೊಳ್ಳುತ್ತೇನೆ.

ತಿರುಗಿ ಮೇಲೆದ್ದ ದಿನ ಚಪ್ಪಲಿಯನ್ನು ಹೊಲಿದವನಿಗೇ ತಂದು ಒಪ್ಪಿಸುವುದು ನಮ್ಮಲ್ಲಿ ಪದ್ಧತಿ. ಆ ಹಳೆಯ ಚಪ್ಪಲಿಯ ಅಟ್ಟೆಯನ್ನು ಮಗುಚಿ ನೋಡಿದರೆ ಸಾಕು, ಅವರು ಯಾವ ಬೀದಿಯಲ್ಲಿ ತಿರುಗಿದರು, ಯಾರ ಬಾಗಿಲ ಮುಂದೆ ನಿಂತು ಒಳಗೆ ಹೋಗಲಾರದೆ ವಾಪಸಾದರು ಎಂಬುದನ್ನೆಲ್ಲ ನಾನು ಹೇಳಬಲ್ಲೆ. ಕೆಳಗಿನ ಬೀದಿಯದು ಕಪ್ಪು ಮಣ್ಣು, ಶಾಲೆಯ ಬಯಲಿನದು ಕೆಂಪು ಜಲ್ಲಿ, ಹೊಳೆಯ ದಂಡೆಯದು ಮಿಂಚುವ ಮರಳು. ಊರಿನವರು ಇದನ್ನು ದೊಡ್ಡ ವಿದ್ಯೆ ಎಂದು ಹೊಗಳುತ್ತಿದ್ದರು. ಹೊಗಳಿದರೆ ಯಾರಿಗೆ ಬೇಡ, ನಾನೂ ನಂಬಿಕೊಂಡಿದ್ದೆ.

ಈಗ ನನ್ನ ಮಗನ ವಿಷಯಕ್ಕೆ ಬರುತ್ತೇನೆ. ಅವನ ಹೆಸರು ನಂಜುಂಡ. ಹುಟ್ಟಿದಾಗ ನಾವು ಇಟ್ಟದ್ದು ಹೆಣ್ಣುಮಗುವಿನ ಹೆಸರು, ಹತ್ತೊಂಬತ್ತು ವರ್ಷ ಬೆಳೆಸಿದ್ದೂ ಮಗಳೆಂದೇ. ಆ ಹೆಸರನ್ನು ಇಲ್ಲಿ ಹೇಳುವುದಿಲ್ಲ. ಹೇಳಬೇಡ ಎಂದು ಅವನು ಕೇಳಿಕೊಂಡಿದ್ದಾನೆ, ಹೇಳಿದರೆ ಏನಾಗುತ್ತದೆ ಎಂಬುದನ್ನು ನಾನು ಕಣ್ಣಾರೆ ಕಂಡೂ ಇದ್ದೇನೆ. ಹಾಗಾಗಿ ಹಿಂದಿನ ಸಂಗತಿ ಹೇಳುವಾಗಲೂ ಅವನನ್ನು ಮಗನೆಂದೇ ಹೇಳುತ್ತೇನೆ. ಆ ಕಾಲದಲ್ಲಿ ಮಾತ್ರ ಊರಿಗೆ ಊರೇ ಅವನನ್ನು ಹುಡುಗಿ ಎಂದುಕೊಂಡಿತ್ತು, ಎಲ್ಲರಿಗಿಂತ ಹೆಚ್ಚಾಗಿ ನಾನು.

ಚಿಕ್ಕವನಿದ್ದಾಗ ಅವನು ಬೇರೆ ಮಕ್ಕಳಿಗಿಂತ ಎತ್ತರದಲ್ಲೇ ಇರುತ್ತಿದ್ದ. ಒಂದು ಬೆರಳಲ್ಲ, ಮೂರು ನಾಲ್ಕು ಬೆರಳು. ನನ್ನ ಹೆಂಡತಿ ದೇವೀರಮ್ಮ ರೊಟ್ಟಿ ತಟ್ಟುವಾಗ ತನ್ನ ಸೆರಗಿನ ತುದಿಯನ್ನು ಅವನ ಸೊಂಟಕ್ಕೆ ಕಟ್ಟಿಕೊಂಡಿರುತ್ತಿದ್ದಳು. ಗಾಳಿ ಬೀಸಿದರೆ ಸೆರಗು ಬಿಗಿಯಾಗುತ್ತಿತ್ತು, ಅವಳು ಒಂದು ಕೈಯಲ್ಲಿ ಎಳೆದುಕೊಳ್ಳುತ್ತಿದ್ದಳು. ಹನ್ನೆರಡು ತುಂಬಿದ ಮೇಲೆ ಅವನು ಇಳಿಯಲು ಶುರುಮಾಡಿದ. ಸಾವಿನ ಮನೆಯವರು ಇಳಿಯುವ ಹಾಗಲ್ಲ. ಬೆಳಿಗ್ಗೆ ಮೇಲಿರುತ್ತಿದ್ದ, ಮಧ್ಯಾಹ್ನ ಎಲ್ಲೋ ಒಂದು ಕಡೆ ಟಕ್ಕೆಂದು ಕಾಲು ನೆಲಕ್ಕೆ ತಾಗುತ್ತಿತ್ತು, ಸಂಜೆ ಮತ್ತೆ ಮೇಲೆ, ಮತ್ತೆ ಕೆಳಗೆ. ಹದಿನೈದರ ಹೊತ್ತಿಗೆ ಕೆಳಗಿರುವುದೇ ಹೆಚ್ಚಾಯಿತು.

ನಮ್ಮಲ್ಲಿ ಕಾರಣ ಗೊತ್ತಿಲ್ಲದೆ ಯಾರಾದರೂ ಇಳಿದರೆ ಮೊದಲು ಅನುಮಾನ ಪಡುವುದು ಕಾಲನ್ನು. ಮೂಳೆ ಕಟ್ಟುವ ರಾಚಮ್ಮನಲ್ಲಿಗೆ ಕರೆದುಕೊಂಡು ಹೋದೆ. ಅವಳು ಮೊಣಕಾಲು ತಟ್ಟಿ ನೋಡಿ, ಹಿಮ್ಮಡಿ ಹಿಂಡಿ ನೋಡಿ, "ನರ ಜಗ್ಗಿದೆ ಕಣಪ್ಪಾ, ಎಣ್ಣೆ ತಿಕ್ಕಬೇಕು" ಅಂದಳು. ಒಂದು ವರ್ಷ ಎಣ್ಣೆ ತಿಕ್ಕಿದೆವು. ಆಮೇಲೆ ತೌಡು ಬಿಸಿಮಾಡಿ ಕಟ್ಟಿದೆವು. ಬಿದಿರ ದಬ್ಬೆ ಕಟ್ಟಿ ಹದಿನೈದು ದಿನ ಮಂಚದಲ್ಲಿ ಮಲಗಿಸಿದೆವು. ಮನೆಯಲ್ಲಿ ಒಬ್ಬನೇ ಮಲಗಿದ್ದ ಆ ಹದಿನೈದು ದಿನ ಅವನು ಮಂಚದಿಂದ ಎರಡು ಬೆರಳು ಮೇಲೇ ಇದ್ದ. ರಾಚಮ್ಮ ತನ್ನ ದಬ್ಬೆ ಕೆಲಸ ಮಾಡಿತೆಂದು ಹಿಗ್ಗಿದಳು. ದಬ್ಬೆ ಬಿಚ್ಚಿ ಹೊರಗೆ ಕಳಿಸಿದ ದಿನವೇ ಅವನು ತಿರುಗಿ ಬಂದದ್ದು ನೆಲದ ಮೇಲೆ.

ನಾನು ನನಗೆ ಗೊತ್ತಿದ್ದ ಒಂದೇ ಕೆಲಸ ಮಾಡಿದೆ. ಒಳ್ಳೆಯ ತೊಗಲು ಆರಿಸಿ ಚಪ್ಪಲಿ ಹೊಲಿದೆ. ಅಟ್ಟೆ ಸವೆದರೆ ಕೀಳದೆ ಅದರ ಕೆಳಗೇ ಇನ್ನೊಂದು ಅಟ್ಟೆ ಹಾಕಿದೆ, ಅದೂ ಸವೆದರೆ ಮತ್ತೊಂದು. ಇಂಥ ಚಪ್ಪಲಿ ಊರಿನಲ್ಲೇ ಯಾರಿಗೂ ಇರಲಿಲ್ಲ. ಮಗು ಇಳಿಯುವುದೇ ಆದರೆ ಮೆತ್ತಗೆ ಇಳಿಯಲಿ ಅನ್ನುವುದು ನನ್ನ ಆಸೆ. ಎಲ್ಲಿ ಇಳಿಯುತ್ತೀಯ ಎಂದು ಒಂದು ದಿನವೂ ಕೇಳಲಿಲ್ಲ. ಗಿರಾಕಿಗಳನ್ನು ಕೇಳದೆ ಇದ್ದೂ ಇದ್ದೂ ಮನೆಯವರನ್ನು ಕೇಳುವುದೂ ಮರೆತುಹೋಗಿತ್ತು.

ಹೀಗಿರುವಾಗ ದೇವೀರಮ್ಮನ ಅಣ್ಣ ಹೊಸ ಮನೆ ಕಟ್ಟಿಸಿದ. ನಮ್ಮಲ್ಲಿ ಮನೆಗೆ ಗಾರೆ ನೆಲ ಹಾಕಿದ ದಿನ, ಅದು ಇನ್ನೂ ಹಸಿಯಿರುವಾಗಲೇ, ನೆಂಟರ ಪೈಕಿ ಹರೆಯದವರು ಅದರ ಮೇಲೆ ನಡೆಯಬೇಕು. ಹುಡುಗರು ದೀಪ ಹಿಡಿದು ಮುಂಬಾಗಿಲಿನಿಂದ, ಹುಡುಗಿಯರು ಹಾಲಿನ ಚೊಂಬು ಹಿಡಿದು ಹಿತ್ತಲ ಬಾಗಿಲಿನಿಂದ. ಹೆಜ್ಜೆಯ ಗುರುತು ಬೀಳದಿದ್ದರೆ ಆ ಮನೆಯಲ್ಲಿ ಸುಖ ನೆಲೆಸುತ್ತದೆ ಎಂದು ನಂಬಿಕೆ. ಗುರುತು ಬಿದ್ದರೆ ನೆಲವನ್ನು ಅಗೆದು ಹೊಸದಾಗಿ ಹಾಕಬೇಕು. ಹೀಗೆ ಎರಡು ಮನೆಯ ಹಸಿ ನೆಲ ಕೆಡಿಸಿದವರನ್ನು ಆಮೇಲೆ ಯಾರೂ ಒಳಗೆ ಕರೆಯುವುದಿಲ್ಲ. ಜಗಲಿಯಲ್ಲಿ ಕೂರಿಸಿ, ಅಲ್ಲೇ ಕಾಫಿ ಕೊಟ್ಟು, ಅಲ್ಲೇ ಮಾತಾಡಿ ಕಳಿಸುತ್ತಾರೆ. ಸಾಯುವವರೆಗೆ ಅಷ್ಟೇ.

ಅವತ್ತು ಅವನಿಗೆ ಅಂಚಿನ ಲಂಗ ಉಡಿಸಿ, ಜಡೆಗೆ ಹೂವು ಮುಡಿಸಿ, ಕೈಗೆ ಚೊಂಬು ಕೊಟ್ಟು ಹಿತ್ತಲ ಬಾಗಿಲಿನಿಂದ ಒಳಗೆ ಬಿಟ್ಟರು. ಮಿಕ್ಕ ಹುಡುಗಿಯರು ತೇಲಿಕೊಂಡು ಹೋದರು. ಅವನು ಒಂಬತ್ತು ಹೆಜ್ಜೆ ಇಟ್ಟ, ಒಂಬತ್ತೂ ಗಾರೆಯಲ್ಲಿ ಹೂತವು. ಹತ್ತನೆಯದನ್ನು ಇಡಲಾರದೆ ನಡುಮನೆಯಲ್ಲಿ ಚೊಂಬು ಹಿಡಿದು ನಿಂತುಬಿಟ್ಟ. ಯಾರೂ ಬಯ್ಯಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು. ನಾನು ಹೋಗಿ ಎತ್ತಿಕೊಂಡು ಬಂದೆ, ಹದಿನೆಂಟು ವರ್ಷದ ಮಗುವನ್ನು. ಎಷ್ಟು ಭಾರವಿದ್ದ ಅಂದರೆ, ಮನೆ ಮುಟ್ಟುವ ಹೊತ್ತಿಗೆ ನನ್ನ ಕಾಲೂ ನೆಲಕ್ಕೆ ಉಜ್ಜುತ್ತಿತ್ತು.

ಮರುವರ್ಷ ನನ್ನ ತಮ್ಮ ಕಾಳಪ್ಪ ಮನೆ ಕಟ್ಟಿಸಲು ಕೈಹಾಕಿದ. ಗೋಡೆ ಎದ್ದವು, ತೊಲೆ ಕೂತವು. ಮಾಘದ ಕೊನೆಗೆ ನೆಲ ಹಾಕಿಸುತ್ತೇನೆ ಎಂದು ಹೇಳಿಕಳಿಸಿದ. ಸ್ವಂತ ಚಿಕ್ಕಪ್ಪನ ಮನೆ, ಬರುವುದಿಲ್ಲ ಎನ್ನುವ ಹಾಗಿಲ್ಲ. ಬಂದು ಮತ್ತೆ ಹೂತರೆ ಮಗುವಿನ ಬಾಳೆಲ್ಲ ಜಗಲಿಯ ಮೇಲೆ. ನನಗೆ ಅನ್ನ ಸೇರದಾಯಿತು. ಹಸಿ ನೆಲದ ಮೇಲೆ ಬರಿಗಾಲಲ್ಲೇ ನಡೆಯಬೇಕು, ಅಲ್ಲಿ ನನ್ನ ಚಪ್ಪಲಿ ಏನೂ ಮಾಡುವ ಹಾಗಿರಲಿಲ್ಲ. ಆಗ ಮೊದಲ ಸಲ, ಚಪ್ಪಲಿ ಹೊಲಿಯುವುದನ್ನು ಬಿಟ್ಟು ಬಿಚ್ಚೋಣ ಅನ್ನಿಸಿತು.

ಅವನ ಹಳೆಯ ಜೋಡಿಯನ್ನು ಹಲಗೆಯ ಮೇಲಿಟ್ಟು ಒಂದೊಂದೇ ಅಟ್ಟೆ ಬಿಡಿಸಿದೆ. ನಾಲ್ಕು ವರ್ಷದ ಮಣ್ಣು ಪದರ ಪದರವಾಗಿ ಕೂತಿತ್ತು. ಊರಿನವರ ಅಟ್ಟೆಗಳನ್ನು ಅಷ್ಟು ಓದಿದವನು ಇದನ್ನು ಮಗುಚಿಯೂ ನೋಡಿರಲಿಲ್ಲ, ಅದರ ಮೇಲೇ ಹೊಲಿದುಕೊಂಡು ಹೋಗಿದ್ದೆ. ಶಾಲೆಯ ಕೆಂಪು ಜಲ್ಲಿ ಇತ್ತು. ಮಿಂಚುವ ಮರಳಿತ್ತು, ಜೊತೆಗೆ ಸೀಗೆಪುಡಿ, ಅಂದರೆ ಹೊಳೆಯಲ್ಲಿ ಹೆಂಗಸರು ಮೀಯುವ ಮೆಟ್ಟಿಲು. ಟೈಲರ್ ಅಂಗಡಿಯ ಸೀಮೆಸುಣ್ಣದ ಚೂರು, ಬಣ್ಣದ ದಾರದ ತುಂಡು. ಒಂದು ಬಗೆಯ ಜಿಡ್ಡು ಹಿಡಿದ ಬೂದುಮಣ್ಣು ಎಲ್ಲಿಯದೆಂದು ಮೊದಲು ತಿಳಿಯಲಿಲ್ಲ, ಮೂಸಿದಾಗ ಸಾಂಬಾರಿನ ವಾಸನೆ ಬಂತು. ಚೌಕದ ಹೋಟೆಲಿನದು. ಇವೆಲ್ಲಕ್ಕಿಂತ ದಪ್ಪವಾಗಿ, ಪ್ರತಿಯೊಂದು ಪದರದಲ್ಲೂ, ಹಿಮ್ಮಡಿಯ ಜಾಗದಲ್ಲಿ ಒತ್ತಿ ಕೂತಿದ್ದದ್ದು ತೊಗಲಿನ ಚೂರು ಮತ್ತು ಮೇಣ. ಅದು ನನ್ನ ಅಂಗಡಿಯದೇ. ರಿಪೇರಿ ಮಾಡುವಾಗ ಅಂಟಿರಬೇಕು ಎಂದುಕೊಂಡು ಅದನ್ನು ಪಕ್ಕಕ್ಕೆ ಸರಿಸಿದೆ.

ಮರುದಿನ ಒಂದು ಅಟ್ಟೆಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಹೊರಟೆ. ಹೋಟೆಲಿನಲ್ಲಿ ಸಪ್ಲೈ ಮಾಡುವವನನ್ನು ಕೇಳಿದೆ, ನಮ್ಮ ಮಗು ಬಂದರೆ ಇಲ್ಲಿ ಏನಾಗುತ್ತದೆ ಎಂದು.

"ಏನೂ ಆಗಲ್ಲ ಸ್ವಾಮಿ. ಹೊರಗಡೆ ಬೆಂಚಲ್ಲಿ ಗಂಡಸರು ಕೂತಿರ್ತಾರೆ. ಹೆಣ್ಮಕ್ಕಳು ಒಳಗೆ ಕೂತ್ಕೊಳ್ಳಿ ಅಂತ ಪರದೆ ಎತ್ತಿ ಹಿಡೀತೀನಿ. ಮರ್ಯಾದೆ ಅಲ್ವಾ?"

"ಆಗ?"

"ಆಗ ಇಳೀತಾರೆ. ಪರದೆ ಹತ್ರಾನೇ. ಕಾಲು ನೋವೇನೋ ಅಂತ ಸ್ಟೂಲ್ ಕೂಡ ಕೊಡ್ತೀನಿ."

ಎದೆಯ ಅಳತೆ ತೆಗೆಯುವಾಗ ಮಗು ಇಳಿಯುತ್ತದೆ ಎಂದು ಟೈಲರ್ ಹೇಳಿದ. ಸಡಿಲವಾಗಿ ಹೊಲಿ ಅಂತ ಹಟ ಮಾಡಿದರೂ, ವಯಸ್ಸಿಗೆ ಬಂದ ಹುಡುಗಿಗೆ ಮೈಗೆ ಸರಿಯಾಗಿ ಕೂತರೇ ಲಕ್ಷಣ ಎಂದು ಬಿಗಿ ಮಾಡಿ ಕೊಟ್ಟನಂತೆ, ಅದೂ ಹೆಚ್ಚಿಗೆ ಕೂಲಿ ಕೇಳದೆ. ಶಾಲೆಯ ಜವಾನ, ಹುಡುಗಿಯರ ಸಾಲಿನಲ್ಲಿ ನಿಲ್ಲಿಸಿದ ಕೂಡಲೇ ಇಳಿಯುತ್ತಿತ್ತು ಅಂದ. ನಾನು ತಿರುಗಿದ ಕಡೆಯೆಲ್ಲ ಇದೇ. ಯಾರೂ ಕೆಟ್ಟದ್ದು ಮಾಡಿರಲಿಲ್ಲ. ಎಲ್ಲರೂ ಅಕ್ಕರೆಯಿಂದ, ಮರ್ಯಾದೆಯಿಂದ ನನ್ನ ಮಗುವನ್ನು ಒಂದೊಂದು ಬೆರಳು ಕೆಳಗಿಳಿಸಿದ್ದರು.

ಕೊನೆಗೆ ಹೊಳೆಗೆ ಬಂದು ಹೆಂಗಸರ ಮೆಟ್ಟಿಲಿನಿಂದ ದೂರದಲ್ಲಿ ಕೂತೆ. ಆಚೆ ದಡದಿಂದ ಹದ ಮಾಡಿದ ತೊಗಲು ತರಲು ಅವನನ್ನು ಕಳಿಸಿದ್ದೆ, ಬರುವ ಹೊತ್ತಾಗಿತ್ತು. ಅಂಬಿಗ ಬೋರಯ್ಯ ಪರ ಊರಿನವನು, ನಮ್ಮ ಸುದ್ದಿಯೊಂದೂ ಗೊತ್ತಿಲ್ಲದವನು. ದೋಣಿ ಹತ್ತಿರ ಬಂತು. ನನ್ನ ಹಳೆಯ ಅಂಗಿ ತೊಟ್ಟು, ತಲೆಗೆ ಟವೆಲ್ ಸುತ್ತಿ, ಹೆಗಲ ಮೇಲೆ ತೊಗಲಿನ ಸುರುಳಿ ಹೊತ್ತವನೊಬ್ಬ ದೋಣಿಯ ತುದಿಯಲ್ಲಿ ನಿಂತಿದ್ದ. "ಹುಷಾರಾಗಿ ಇಳಿಯೋ ತಮ್ಮಾ, ಹಗ್ಗ ಅಲ್ಲಿ ಬಿಗಿ" ಅಂದ ಬೋರಯ್ಯ. ಅವನು ನಕ್ಕು ಹಗ್ಗ ಹಿಡಿದು ದೋಣಿಯಿಂದ ದಡಕ್ಕೆ ಕಾಲಿಟ್ಟ. ಮರಳಿನಿಂದ ನಾಲ್ಕು ಬೆರಳು ಮೇಲೆ. ಸೆರಗು ಕಟ್ಟಿ ಎಳೆದುಕೊಳ್ಳಬೇಕಾಗಿದ್ದ ಆ ಕೂಸು. ಏಳು ವರ್ಷದಿಂದ ನಾನು ಹುಡುಕುತ್ತಿದ್ದ ಎತ್ತರ ಅದು. ಅಲ್ಲಿ ಕೂತು ಅತ್ತುಬಿಟ್ಟೆ. ಖುಷಿಗೋ ಭಯಕ್ಕೋ ಅವತ್ತು ಗೊತ್ತಾಗಲಿಲ್ಲ.

ಅವನ ಕಣ್ಣಿಗೆ ಬೀಳದೆ ಬೇಗ ಬಂದು ಅಂಗಡಿಯಲ್ಲಿ ಕೂತೆ. ತಲೆ ತಗ್ಗಿಸಿ ಹೊಲಿಯುವವನ ಹಾಗೆ ನಟಿಸುತ್ತಾ ಹೊಸಿಲನ್ನೇ ನೋಡುತ್ತಿದ್ದೆ. ಎರಡು ಕಾಲು ಬಂದವು, ಮೂರು ಬೆರಳು ಮೇಲೆ. ಮುದ್ದಿನಿಂದ ಕರೆದು ಹತ್ತೊಂಬತ್ತು ವರ್ಷದ ರೂಢಿ, ಬಾಯಿ ತಾನಾಗಿ ತೆರೆಯಿತು. "ಬಂದ್ಯಾ ಅಮ್ಮಣ್ಣಿ?" ಅಂದೆ. ಎರಡು ಕಾಲೂ ಒಟ್ಟಿಗೆ ಧೊಪ್ಪೆಂದು ತೊಗಲಿನ ಚೂರುಗಳ ಮೇಲೆ ಬಿದ್ದವು.

ದಿನಾ ಸಂಜೆ ಕೇಳುತ್ತಿದ್ದ ಸದ್ದು ಅದು. ದಣಿದು ಬಂದ ಮಗು ಅಪ್ಪನ ಹತ್ತಿರ ಹಾಯಾಗಿ ಕಾಲೂರುತ್ತದೆ ಎಂದುಕೊಂಡಿದ್ದೆ. ನಂಬಲಾಗಲಿಲ್ಲ. ಮರುದಿನ ಬಾಯಿ ಬಿಗಿಹಿಡಿದು ಸುಮ್ಮನೆ ತಲೆಯಾಡಿಸಿದೆ, ಕಾಲುಗಳು ಗಾಳಿಯಲ್ಲೇ ಒಳಗೆ ಬಂದು ಗಾಳಿಯಲ್ಲೇ ನಿಂತವು. ಅದರ ಮರುದಿನವೂ ಹಾಗೇ. ಮೂರನೆಯ ದಿನ, ಪರೀಕ್ಷೆ ಮಾಡಲೇಬೇಕೆಂಬ ಹಾಳು ಬುದ್ಧಿ, ಮತ್ತೆ ಅಮ್ಮಣ್ಣಿ ಅಂದೆ. ಅವನು ಇಳಿದ, ಇಳಿದು ನನ್ನ ಮುಖ ನೋಡಿದ.

"ಎರಡು ದಿನ ಸುಮ್ನಿದ್ಯಲ್ಲಪ್ಪಾ. ನಂಗೆ ಆರಾಮಾಗಿತ್ತು. ಮತ್ತೆ ಯಾಕೆ ಕರೆದೆ?"

"ಅದು ಪ್ರೀತಿಯಿಂದ ಕರೆಯೋದು ಕಣೋ, ಮಗೂ."

"ಗೊತ್ತು. ಅದಕ್ಕೇ ಇಷ್ಟು ದಿನ ಹೇಳಕ್ಕಾಗ್ಲಿಲ್ಲ. ಬೇರೆಯವರು ಹುಡುಗಿ ಅಂದ್ರೆ ಕಾಲು ನೆಲಕ್ಕೆ ತಾಗುತ್ತೆ, ಅಷ್ಟೆ. ನೀನು ಅಮ್ಮಣ್ಣಿ ಅಂದ್ರೆ ಮೊಣಕಾಲವರೆಗೂ ಹೂತ್ಹೋದಂಗಾಗುತ್ತೆ." ಅವನು ಹಲಗೆಯ ಮೇಲಿದ್ದ ಬಿಚ್ಚಿದ ಅಟ್ಟೆಗಳನ್ನು ನೋಡಿದ. "ನಾನು ಮಗಳಲ್ಲಪ್ಪಾ. ಯಾವತ್ತೂ ಆಗಿರ್ಲಿಲ್ಲ. ಒಳಗೆ ಹುಡುಗನೇ. ದೋಣಿಯವರು ಒಂದಿನ ಹೆಸರು ಕೇಳಿದ್ರು. ಯೋಚ್ನೆ ಮಾಡ್ದೇನೇ ಅಜ್ಜನ ಹೆಸರು ಬಾಯಿಗೆ ಬಂತು. ನಂಜುಂಡ ಅಂದೆ."

ಇಂಥ ಹೊತ್ತಿನಲ್ಲಿ ಎದ್ದು ತಬ್ಬಿಕೊಂಡೆ ಎಂದು ಬರೆಯಲು ಆಸೆಯಾಗುತ್ತದೆ. ನಾನು "ಹೋಗಿ ಊಟ ಮಾಡು" ಅಂದೆ. ಅವನು ಹೋದ ಮೇಲೆ ಎದ್ದರೆ ನನ್ನ ಕಾಲು ನೆಲದ ಮೇಲಿತ್ತು. ನನ್ನಪ್ಪ ಸತ್ತಾಗಲೂ ನಾನು ಇಷ್ಟು ಇಳಿದಿರಲಿಲ್ಲ. ಗೂಟಕ್ಕೆ ನೇತುಹಾಕಿದ್ದ ಯಾವುದೋ ಜೋಡಿ ಮೆಟ್ಟಿಕೊಂಡು ಮನೆ ಸೇರುವಷ್ಟರಲ್ಲಿ ಹೆಬ್ಬೆಟ್ಟಿನ ಸಂದಿ ಕಿತ್ತುಹೋಗಿತ್ತು. ಇಷ್ಟು ವರ್ಷ ಊರಿಗೆಲ್ಲ ಹೊಲಿದುಕೊಟ್ಟ ಚಪ್ಪಲಿ ಇಷ್ಟು ಕಚ್ಚುತ್ತದೆ ಎಂದು ಒಬ್ಬರೂ ನನಗೆ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ.

ನಾಲ್ಕು ದಿನ ಕುಂಟಿದೆ. ಮಗಳೊಬ್ಬಳಿದ್ದಳು, ಈಗ ಇಲ್ಲ ಅನ್ನುವ ಸಂಕಟ ಒಂದು ಕಡೆ. ಇರಲೇ ಇಲ್ಲ, ನೀನೇ ಕಟ್ಟಿಕೊಂಡದ್ದು ಅನ್ನುವ ನಾಚಿಕೆ ಇನ್ನೊಂದು ಕಡೆ. ಐದನೆಯ ದಿನ ದೇವೀರಮ್ಮ ನನ್ನ ಕಾಲಿನ ಗಾಯಕ್ಕೆ ಅರಿಸಿನ ಹಚ್ಚುತ್ತಾ ಮಾತು ತೆಗೆದಳು.

"ದೀಪಾವಳಿ ಆದ್ಮೇಲೆ ನಾನು ಹೂವು ಮುಡಿಸೋದು ಬಿಟ್ಟೆ. ನೋಡಿದ್ರಾ?"

"ಇಲ್ಲ."

"ಜಡೆ ಹಾಕೋದೂ ಬಿಟ್ಟೆ. ಕೈಯಲ್ಲಿ ಬಾಚಣಿಗೆ ಹಿಡ್ಕೊಂಡ್ರೆ ಸಾಕು, ಮಣೆ ಮೇಲೆ ಕಲ್ಲು ಇಟ್ಟಂಗೆ ಕೂತ್ಕೊಳ್ತಿತ್ತು ಕೂಸು. ಬಿಟ್ಟ ದಿನ ಒಂದ್ಬೆರಳು ಎದ್ದಿತು. ಅಷ್ಟೇ ಸಾಕು ನಂಗೆ." ಅವಳು ಅರಿಸಿನದ ಕೈ ಒರೆಸಿಕೊಂಡಳು. "ನಿಮಗೆ ಅಟ್ಟೆ ಓದಕ್ಕೆ ಬರುತ್ತೆ, ಮುಖ ಓದಕ್ಕೆ ಬರಲ್ಲ."

ಎದ್ದು ಅಂಗಡಿಗೆ ಹೋಗಿ ಮಗನನ್ನು ಹೆಸರು ಹಿಡಿದು ಕರೆದೆ. "ನಂಜುಂಡಾ" ಅಂದೆ. ನನ್ನಪ್ಪ ಸತ್ತ ಮೇಲೆ ಆ ಹೆಸರು ನನ್ನ ನಾಲಗೆಯ ಮೇಲೆ ಬಂದಿರಲಿಲ್ಲ. ಅವನು ಓಡಿ ಬಂದ. ಓಡಿ ಬಂದ ಎಂದು ಅಭ್ಯಾಸಬಲದಿಂದ ಹೇಳುತ್ತಿದ್ದೇನೆ, ಕಾಲು ಎಲ್ಲೂ ತಾಗಲಿಲ್ಲ.

ಅವತ್ತು ಇಬ್ಬರೂ ಹಲಗೆಯ ಎದುರು ಬದುರು ಕೂತು ಆ ಮಣ್ಣನ್ನೆಲ್ಲ ಬೇರೆ ಬೇರೆ ಗುಪ್ಪೆ ಮಾಡಿದೆವು. ನಾನು ಒಂದೊಂದನ್ನೇ ತೋರಿಸುತ್ತಿದ್ದೆ, ಅವನು ಹೇಳುತ್ತಿದ್ದ. "ಇದು ಪರದೆ. ಈಗ ಆ ಪರದೆ ದೂರದಿಂದ ಕಂಡ್ರೇ ಗೊತ್ತಾಗುತ್ತೆ, ಇಲ್ಲಿ ಇಳೀತೀನಿ ಅಂತ. ಗೊತ್ತಾದ್ರೆ ಅಷ್ಟು ಜೋರಾಗಿ ಬೀಳಲ್ಲ." ಸೀಮೆಸುಣ್ಣ ಕಂಡು ಮುಖ ಕಿವುಚಿದ. ಮಿಂಚುವ ಮರಳನ್ನು ಬೆರಳಲ್ಲಿ ಆಡಿಸಿ, "ನೀರು ಅಂದ್ರೆ ನಂಗೆ ಇಷ್ಟಾನೇ, ಆ ಮೆಟ್ಟಿಲು ಮಾತ್ರ ಆಗಲ್ಲ" ಅಂದ. ಮೊದಮೊದಲು ತನಗೂ ಏನೂ ತಿಳಿಯುತ್ತಿರಲಿಲ್ಲವಂತೆ, ತನ್ನ ಕಾಲಲ್ಲೇ ದೋಷವಿದೆ ಎಂದು ರಾಚಮ್ಮನ ಎಣ್ಣೆಯನ್ನು ಕದ್ದು ಎರಡೆರಡು ಸಲ ತಿಕ್ಕಿಕೊಂಡಿದ್ದನಂತೆ. ಮೇಣ ಮೆತ್ತಿದ ತೊಗಲಿನ ಗುಪ್ಪೆ ಕೊನೆಗೆ ಉಳಿಯಿತು. ನಾನೇ ಅದನ್ನು ಬಾಚಿ ಒಲೆಗೆ ಹಾಕಿದೆ.

ಹೆಸರು ರೂಢಿಯಾಗಲು ಒದ್ದಾಡಿದೆ. ಅಂಗಡಿಯಲ್ಲಿ ಒಬ್ಬನೇ ಇದ್ದಾಗ ದಬ್ಬಣಕ್ಕೂ ನಂಜುಂಡ ಅಂದೆ, ಉಳಿಗೂ ನಂಜುಂಡ ಅಂದೆ. ದಿನಕ್ಕೆ ಹತ್ತು ಸಲ ತಪ್ಪುತ್ತಿದ್ದವನು ಮೂರಕ್ಕೆ ಇಳಿದೆ, ಆಮೇಲೆ ಒಂದಕ್ಕೆ. ಮಾಘ ಮುಗಿಯುತ್ತಾ ಬಂದಿತ್ತು. ಕಾಳಪ್ಪನ ಮನೆಗೆ ಹೋಗಿ ವಿಷಯ ಹೇಳಿದೆ, ಮುಂಬಾಗಿಲಿನಿಂದ ಅವನು ದೀಪ ತರಲಿ ಎಂದೆ. ಕಾಳಪ್ಪ ಬಹಳ ಹೊತ್ತು ಮೀಸೆ ಕಡಿದ.

"ಅಣ್ಣಾ, ನೆಂಟರೆಲ್ಲ ಬರ್ತಾರೆ. ಹೂತರೆ ನನ್ನ ನೆಲ ಹೋಗುತ್ತೆ. ಅದು ಹೋಗ್ಲಿ, ಮಗೂನ ಗತಿ?"

"ಹಿತ್ತಲಿಂದ ಕಳಿಸಿದ್ರೆ ಹೂತೇ ಹೋಗುತ್ತೆ. ಅದಂತೂ ನಂಗೆ ಗೊತ್ತು."

ಒಳಗೆ ಅಕ್ಕಿ ಆರಿಸುತ್ತಿದ್ದ ಅವನ ಹೆಂಡತಿ ಹೊನ್ನಮ್ಮ ಅಲ್ಲಿಂದಲೇ ಅಂದಳು. "ದಿನಾ ಆ ನೆಲ ಸಾರಿಸೋಳು ನಾನು. ದೀಪ ಅವ್ನೇ ತರ್ಲಿ, ಭಾವ. ಬೆಳಿಗ್ಗೆ ಬೇಗ ಬನ್ನಿ." ಅವನು ಎಂದವಳು ನಮ್ಮ ಬಳಗದಲ್ಲಿ ಅವಳೇ ಮೊದಲು.

ಆ ದಿನ ಬಂತು. ಗಾರೆಯವನು ಬೆಳಗಿನಿಂದ ಕರಣೆ ಆಡಿಸಿ ನೆಲವನ್ನು ನುಣ್ಣಗೆ ಮಾಡಿದ್ದ, ತೊಲೆಗಳ ನೆರಳು ಅದರಲ್ಲಿ ಕಾಣುತ್ತಿತ್ತು. ನೆಂಟರು ಗೋಡೆಯ ಹೊರಗೆ, ಕಿಟಕಿಗಳಲ್ಲಿ ಮುಖ ಇಟ್ಟು ನಿಂತಿದ್ದರು. ಹಿತ್ತಲಿನಿಂದ ಹುಡುಗಿಯರು ಚೊಂಬು ಹಿಡಿದು ದಾಟಿದರು. ಮುಂಬಾಗಿಲಲ್ಲಿ ನಂಜುಂಡ ನಿಂತ. ಕೂದಲು ಕತ್ತರಿಸಿಕೊಂಡಿದ್ದ, ಅಜ್ಜನ ಬಿಳಿ ಪಂಚೆಯನ್ನು ದೇವೀರಮ್ಮ ಮಡಿಸಿ ಉಡಿಸಿದ್ದಳು. ಕೈಯಲ್ಲಿ ದೀಪ. ಕಿಟಕಿಗಳಲ್ಲಿ ಗುಸುಗುಸು ಎದ್ದದ್ದು ನನಗೂ ಕೇಳಿತು, ಅವನಿಗೂ ಕೇಳಿರಬೇಕು. ಅವನ ಹಿಮ್ಮಡಿ ಸ್ವಲ್ಪ ತಗ್ಗಿತು, ಮತ್ತೆ ಎದ್ದಿತು. ನಾನು ಅವನ ಹಿಂದೆಯೇ ಇದ್ದೆ. ಆ ದಿನಗಳಲ್ಲಿ ನಾನಿನ್ನೂ ಚಪ್ಪಲಿ ಮೆಟ್ಟುತ್ತಿದ್ದೆ.

ಅವನು ಹೊಸಿಲು ದಾಟಿದ. ಮೊದಲ ಹೆಜ್ಜೆ, ಗುರುತಿಲ್ಲ. ದೀಪ ಗಾಳಿಗೆ ಓಲಾಡಿತು, ಅವನ ಮೈಯೂ ಓಲಾಡಿದ ಹಾಗೆ ನನಗೆ ಕಂಡಿತು. ಎದೆ ಬಾಯಿಗೆ ಬಂತು. ಬಾಯಿಗೆ ಬಂದದ್ದು ಎದೆ ಮಾತ್ರ ಅಲ್ಲ.

"ಹುಷಾರು, ಅಮ್ಮಣ್ಣಿ" ಅಂದೆ.

ಎರಡನೆಯ ಹೆಜ್ಜೆ ಗಾರೆಯೊಳಗೆ ಇಳಿಯಿತು. ಐದು ಬೆರಳೂ, ಹಿಮ್ಮಡಿಯೂ, ಒಂದಂಗುಲ ಆಳಕ್ಕೆ. ಅವನು ನನ್ನ ಕಡೆ ತಿರುಗಲಿಲ್ಲ, ಕತ್ತು ಮಾತ್ರ ಬಗ್ಗಿತು. ದೇವೀರಮ್ಮ ನನ್ನ ತೋಳನ್ನು ಹಿಡಿದಿದ್ದಳು, ಉಗುರು ಊರುತ್ತಿತ್ತು. ಅಲ್ಲಿಗೆ ಎಲ್ಲ ಮುಗಿಯಿತು, ನನ್ನ ಕೈಯಾರೆ ನನ್ನ ಮಗನನ್ನು ಜಗಲಿಯಲ್ಲಿ ಕೂರಿಸಿದೆ ಅನ್ನಿಸಿತು. ಹೊಸಿಲಿಂದಲೇ ಕೂಗಿ ಹೇಳಿದೆ.

"ತಪ್ಪು ನಂದು, ನಂಜುಂಡಾ. ನೀನು ನಡಿಯಪ್ಪಾ. ನೀನು ನಡಿ, ಮಗನೇ."

ಅವನು ಉಸಿರೆಳೆದುಕೊಂಡ. ಕಾಲು ಮೆಲ್ಲಗೆ ಗಾರೆಯಿಂದ ಬಿಡಿಸಿಕೊಂಡು ಎದ್ದಿತು, ಹಿಮ್ಮಡಿಯಿಂದ ಸುಣ್ಣದ ಒಂದು ಹನಿ ತೊಟ್ಟಿಕ್ಕಿತು. ಮೂರನೆಯ ಹೆಜ್ಜೆಗೆ ಗುರುತಿಲ್ಲ. ನಾಲ್ಕಕ್ಕೂ ಇಲ್ಲ. ಆ ಉದ್ದ ನಡುಮನೆಯನ್ನು ಅವನು ನಿಧಾನವಾಗಿ, ಕೆಳಗೆ ತನ್ನದೇ ದೀಪದ ಬಿಂಬವನ್ನು ನೋಡಿಕೊಳ್ಳುತ್ತಾ ದಾಟಿ, ದೇವರ ಗೂಡಿನಲ್ಲಿ ದೀಪ ಇಟ್ಟ.

ಹಿರಿಯರು ಹೊಸಿಲ ಬಳಿ ಸೇರಿದರು. ಒಂದೇ ಆದರೂ ಗುರುತು ಗುರುತೇ, ಈ ಹುಡುಗನಿಗೆ ಇದು ಎರಡನೆಯ ನೆಲ ಎಂದು ಒಬ್ಬರು ಶುರುಮಾಡಿದರು. ಅವರೂ ಹುಡುಗ ಅಂದರು, ಬಾಯಿತಪ್ಪಿಯೇ ಇರಬಹುದು. ನಾನು ಯಾರ ಮಾತಿಗೂ ಕಾಯಲಿಲ್ಲ. ಚಪ್ಪಲಿ ಬಿಟ್ಟು, ಬಾಗಿಲ ಚೌಕಟ್ಟು ಹಿಡಿದುಕೊಂಡು, ಹೊಸಿಲ ಮೇಲೆ ನಿಂತೇ ಬಲಗಾಲನ್ನು ಚಾಚಿದೆ. ಐವತ್ತೆಂಟು ವರ್ಷದ ಕಾಲು, ಮಂಡಿ ಕಟಕಟ ಅಂದಿತು. ಅವನ ಆ ಹೆಜ್ಜೆಯ ಮೇಲೇ ನನ್ನ ಪಾದವನ್ನು ಊರಿ, ನನ್ನಲ್ಲಿದ್ದ ಭಾರವನ್ನೆಲ್ಲ ಬಿಟ್ಟೆ. ತೆಗೆದಾಗ ಅಲ್ಲಿ ಅಗಲವಾದ, ಹೆಬ್ಬೆರಳು ಸೊಟ್ಟಗಿರುವ, ಚಪ್ಪಲಿ ಕಚ್ಚಿದ ಗಾಯದ ಗುರುತೂ ಇರುವ ಒಂದು ಹೆಜ್ಜೆ ಇತ್ತು.

"ಯಾರದ್ದು ಅಂತ ನೋಡ್ಕೊಳ್ಳಿ" ಅಂದೆ. "ಇಂಥದ್ದು ಇನ್ನೊಂದಾದ್ರೆ ನನ್ನನ್ನ ಜಗಲೀಲಿ ಕೂರಿಸಿ."

ಗಾರೆಯವನು ಕರಣೆ ಹಿಡಿದು ಸವರಿಬಿಡಲು ಬಗ್ಗಿದ. ಸವರುವುದೂ ಬೇಡ, ಅಗೆಯುವುದೂ ಬೇಡ, ಹಾಗೇ ಇರಲಿ ಅಂದಳು ಹೊನ್ನಮ್ಮ. ಇದಾಗಿ ಆರು ವರ್ಷವಾಯಿತು. ನೆಲ ಈಗ ಕಲ್ಲಿನ ಹಾಗೆ ಗಟ್ಟಿಯಾಗಿದೆ, ಕಾಳಪ್ಪನ ಮೊಮ್ಮಕ್ಕಳು ಆ ಗುಳಿಯಲ್ಲಿ ಕಡಲೆಕಾಯಿ ತುಂಬಿಕೊಂಡು ಆಡುತ್ತವೆ. ನಾನು ತಿರುಗಿ ಮೇಲೆದ್ದು ಬಹಳ ಕಾಲವಾಗಿದ್ದರೂ ಆ ಮನೆಗೆ ಹೋದಾಗಲೆಲ್ಲ ಅದನ್ನು ಬಳಸಿಕೊಂಡು ಪಕ್ಕದಲ್ಲಿ ಹಾದು ಹೋಗುತ್ತೇನೆ. ನಂಜುಂಡ ಹಾಗೆ ಬಳಸುವುದಿಲ್ಲ. ತೊಗಲಿನ ಸುರುಳಿಯನ್ನು ಹೆಗಲಿಗೇರಿಸಿಕೊಂಡು, ಚಿಕ್ಕಮ್ಮನನ್ನು ಕೂಗುತ್ತಾ, ನೇರವಾಗಿ ಅದರ ಮೇಲೆಯೇ ನಡೆದು ಹೋಗುತ್ತಾನೆ, ನಾಲ್ಕು ಬೆರಳು ಎತ್ತರದಲ್ಲಿ.